ಬೂಝಿಯ ಕೆಂಪು, ನಂದಿಯ ಕೆಂಪು

ಫ್ರಾನ್ಸ್‌ನ ಈಶಾನ್ಯ ಭಾಗದಲ್ಲಿರುವ ಷಾಂಪೇನ್ ಸೀಮೆಯಲ್ಲಿ ಬೂಝಿ ಎಂಬ ಹಳ್ಳಿಯಿದೆ. ಸಾವಿರ ಜನವೂ ಇಲ್ಲದ ಊರು. ಸುತ್ತಲಿನ ಸೀಮೆಯೆಲ್ಲ ನೊರೆಯುಕ್ಕುವ ವೈನ್‌ಗೆ ಹೆಸರಾಗಿದ್ದರೂ ಈ ಊರಿನವರು ನೊರೆಯಿಲ್ಲದ ಕೆಂಪು ವೈನನ್ನೂ ಮಾಡುವುದು ಬಿಟ್ಟಿಲ್ಲ. ಅದಕ್ಕೆ ಊರಿನದೇ ಹೆಸರು: ಬೂಝಿ ರೂಝ್. ಆ ಹಳ್ಳಿಗೆ ಬಹಳ ಕಾಲ ಮೇಯರ್ ಆಗಿದ್ದ ಜಾರ್ಜ್ ವೆಸೆಲ್ ಎಂಬ ತೋಟಗಾರ, ಮಮ್ ಎಂಬ ದೊಡ್ಡ ಷಾಂಪೇನ್ ಸಂಸ್ಥೆಯ ತಾಂತ್ರಿಕ ನಿರ್ದೇಶಕರೂ ಆಗಿದ್ದರು. 1980ರ ಸುಮಾರಿಗೆ ಶುರುವಾದ ಒಂದು ಪರಿಚಯ ಅವರನ್ನು ಭಾರತಕ್ಕೆ ಎಳೆದು ತಂದಿತು. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ವ್ಯವಹಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತ ಅಲ್ಲಿನ ವೈನ್‌ಗೆ ಮನಸೋತಿದ್ದರು. ಅಂಥದ್ದನ್ನು ನಮ್ಮ ನೆಲದಲ್ಲೂ ಬೆಳೆಯಬಹುದೇ ಎಂಬುದು ಅವರ ಪ್ರಶ್ನೆ. ಇಬ್ಬರೂ ಸೇರಿ ಹುಡುಕಿದರು, ನೆಟ್ಟು ನೋಡಿದರು, ಕಾದರು. ಹುಡುಕಾಟ ಕೊನೆಗೆ ಬಂದು ನಿಂತದ್ದು ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ರಘುನಾಥಪುರದ ಬಳಿ.

ಕೆಂಪು ವೈನ್‌ನ ಊರೊಂದರಿಂದ ಬಂದ ಮನುಷ್ಯ ರಾಗಿ, ಹಿಪ್ಪುನೇರಳೆಯ ಹೊಲಗಳ ನಡುವೆ ನಿಂತು ‘ಇಲ್ಲಿ ಆಗಬಹುದು’ ಎಂದದ್ದು ಯಾವ ಧೈರ್ಯದ ಮೇಲೆ? ಅದನ್ನು ತಿಳಿಯಬೇಕಾದರೆ ಬೂಝಿಯ ನೆಲ ಎಂಥದು, ನಂದಿಯ ನೆಲ ಎಂಥದು ಎಂದು ನೋಡಬೇಕು. ನೆಲ, ಎತ್ತರ, ಗಾಳಿ, ಮಳೆ, ಬಿಸಿಲು ಮತ್ತು ತಲೆಮಾರುಗಳ ಕೈಚಳಕ ಎಲ್ಲ ಸೇರಿ ಒಂದು ಬೆಳೆಗೆ ಕೊಡುವ ಊರಿನ ಗುಣವನ್ನು ಫ್ರೆಂಚರು ‘ತೆರ್ವಾರ್’ ಎನ್ನುತ್ತಾರೆ. ನಂಜನಗೂಡಿನ ರಸಬಾಳೆಯನ್ನೂ ದೇವನಹಳ್ಳಿಯ ಚಕ್ಕೋತವನ್ನೂ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೂಝಿ ಇರುವುದು ರೀಮ್ಸ್ ನಗರದ ದಕ್ಷಿಣದ ಗುಡ್ಡಸಾಲಿನ ತೆಂಕಣ ಇಳಿಜಾರಿನಲ್ಲಿ. 49 ಡಿಗ್ರಿ ಉತ್ತರ ಅಕ್ಷಾಂಶ ಎಂದರೆ ದ್ರಾಕ್ಷಿ ಹಣ್ಣಾಗುವುದೇ ಕಷ್ಟವೆನ್ನುವಷ್ಟು ಚಳಿಯ ಜಾಗ. ವರ್ಷದ ಸರಾಸರಿ ಉಷ್ಣಾಂಶ ಸುಮಾರು 11 ಡಿಗ್ರಿ ಸೆಲ್ಸಿಯಸ್. ಇಂಥ ಕಡೆ ತೆಂಕಣಕ್ಕೆ ಮುಖ ಮಾಡಿದ ಇಳಿಜಾರು ಸಿಕ್ಕುವುದೇ ಭಾಗ್ಯ; ಓರೆಯಾಗಿ ಬರುವ ಬಿಸಿಲು ಆ ಇಳಿಜಾರಿಗೆ ನೇರವಾಗಿ ತಾಗುತ್ತದೆ. ಮೇಲ್ಮಣ್ಣು ತೆಳು. ಅದರ ಕೆಳಗೆ ಸೀಮೆಸುಣ್ಣದ ಬಿಳಿ ಮೆದುಗಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಪದರ ಪದರವಾಗಿ ಕೂತು ಆದದ್ದು. ಈ ಕಲ್ಲಿನ ಮಹಿಮೆ ಇರುವುದು ಅದರ ರಂಧ್ರಗಳಲ್ಲಿ. ಒಂದು ಘನ ಮೀಟರ್ ಕಲ್ಲು 300ರಿಂದ 400 ಲೀಟರ್ ನೀರು ಹಿಡಿದಿಡುತ್ತದೆ. ಮಳೆ ಸುರಿದಾಗ ಬೇರು ಕೊಳೆಯುವಂತೆ ನಿಲ್ಲಿಸುವುದಿಲ್ಲ, ಬಿಸಿಲು ಬಿದ್ದಾಗ ಬಳ್ಳಿಯನ್ನು ಒಣಗಲು ಬಿಡುವುದಿಲ್ಲ. ಷಾಂಪೇನ್‌ನಲ್ಲಿ ತೋಟಕ್ಕೆ ನೀರು ಹಾಯಿಸುವುದಕ್ಕೆ ನಿಯಮವೇ ಅಡ್ಡ. ನೀರುಣಿಸುವ ಕೆಲಸವನ್ನು ಅಲ್ಲಿ ಕಲ್ಲು ಮಾಡುತ್ತದೆ.

ಅಲ್ಲಿನ ಮುಖ್ಯ ತಳಿ ಪಿನೋ ನ್ವಾರ್. ಕಪ್ಪು ದ್ರಾಕ್ಷಿ, ತೆಳು ಸಿಪ್ಪೆ. ದ್ರಾಕ್ಷಿಯ ರಸ ಬಹುಪಾಲು ತಳಿಗಳಲ್ಲಿ ಬಣ್ಣವಿಲ್ಲದ್ದು, ಕೆಂಪೆಲ್ಲ ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯನ್ನು ಹಿಂಡಿ ಸಿಪ್ಪೆಯನ್ನು ಬೇಗ ಬೇರ್ಪಡಿಸಿದರೆ ಬಿಳಿ ವೈನ್ ಆಗುತ್ತದೆ. ಬೂಝಿಯ ಹೆಚ್ಚಿನ ಹಣ್ಣು ಹೀಗೆಯೇ ಷಾಂಪೇನ್‌ಗೆ ಹೋಗುತ್ತದೆ. ಸಿಪ್ಪೆ, ಬೀಜಗಳ ಜೊತೆಗೇ ರಸವನ್ನು ಹುದುಗಲು ಬಿಟ್ಟರೆ ಬಣ್ಣವೂ ಒಗರೂ ಇಳಿದು ಕೆಂಪು ವೈನ್ ಆಗುತ್ತದೆ. ಆದರೆ ಸಿಪ್ಪೆ ಪೂರ್ತಿ ಮಾಗದೆ ಇದ್ದರೆ ಇಳಿಯುವುದು ಬರೀ ಕಹಿ. ಹಾಗಾಗಿ ಬೂಝಿ ರೂಝ್ ಹಿಂದಿನಿಂದಲೂ ಚೆನ್ನಾಗಿ ಬಿಸಿಲು ಬಿದ್ದ ವರ್ಷದ ವೈನ್. ಷಾಂಪೇನ್ ಸೀಮೆ ನೊರೆಯ ವೈನ್‌ಗೆ ಹೆಸರಾಗುವ ಮೊದಲು ಇಂಥ ಕೆಂಪು ವೈನ್‌ಗಳಿಂದಲೇ ಬದುಕುತ್ತಿತ್ತು. 17ನೇ ಶತಮಾನದ ಕೊನೆಯಲ್ಲಿ ನೆರೆಯ ಬರ್ಗಂಡಿಯ ಕೆಂಪು ಆರೋಗ್ಯಕ್ಕೆ ಒಳ್ಳೆಯದೋ ಷಾಂಪೇನ್‌ನದೋ ಎಂದು ಅಲ್ಲಿನ ವೈದ್ಯರೇ ಜಗಳವಾಡಿದ್ದರು. 1818ರಲ್ಲಿ ಮೇಡಮ್ ಕ್ಲಿಕೋ ಎಂಬ ವಿಧವೆ ವ್ಯಾಪಾರಿ ತಮ್ಮ ಷಾಂಪೇನ್‌ಗೆ ಬೂಝಿಯ ಕೆಂಪು ವೈನ್ ಬೆರೆಸಿ ಗುಲಾಬಿ ಬಣ್ಣದ ಷಾಂಪೇನ್ ಮಾಡಿದರು. ಆಕೆಯ ಸಂಸ್ಥೆ ವವ್ ಕ್ಲಿಕೋ ಇಂದಿಗೂ ಇದೆ. ಈ ಹೆಸರು ಮುಂದೆ ನಂದಿ ತಪ್ಪಲಿನಲ್ಲೂ ಕೇಳಿಬರುತ್ತದೆ.

ಷಾಂಪೇನ್ ಸೀಮೆಯ ಒಂದು ಪದ್ಧತಿ ಭಾರತದ ರೈತನಿಗೆ ಅಚ್ಚರಿ ಹುಟ್ಟಿಸುವಂಥದ್ದು. ಅಲ್ಲಿನ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಶಾಲೆಯ ಮಕ್ಕಳಿಗೆ ಕೊಟ್ಟಂತೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದರು. ದಶಕಗಳ ಕಾಲ ದ್ರಾಕ್ಷಿಯ ಬೆಲೆ ಊರಿನ ಅಂಕಕ್ಕೆ ತಕ್ಕಂತೆ ನಿಗದಿಯಾಗುತ್ತಿತ್ತು. ನೂರಕ್ಕೆ ನೂರು ಪಡೆದ ಹಳ್ಳಿಗಳು ಕೇವಲ 17. ಬೂಝಿ ಅವುಗಳಲ್ಲಿ ಒಂದು. ಕೊಯ್ಲು ಶುರುಮಾಡುವ ದಿನವನ್ನೂ ಊರೂರಿಗೆ, ತಳಿ ತಳಿಗೆ ಬೇರೆಬೇರೆಯಾಗಿ ಘೋಷಿಸುತ್ತಾರೆ. ಹಣ್ಣನ್ನು ಕೈಯಿಂದಲೇ ಬಿಡಿಸಬೇಕು, ಯಂತ್ರ ಕೂಡದು. 1974ರಿಂದ ಬೂಝಿ ರೂಝ್‌ನಂಥ ನೊರೆಯಿಲ್ಲದ ವೈನ್‌ಗಳಿಗೆ ‘ಕೋತೋ ಷಾಂಪೆನ್ವಾ’ ಎಂಬ ಕಾನೂನಿನ ಹೆಸರೂ ಇದೆ. ಹಳ್ಳಿಯ ಗುಣವನ್ನು ಇಷ್ಟು ಗಂಭೀರವಾಗಿ ಕಂಡ ಕಾರಣಕ್ಕೇ ಸಾವಿರ ಜನರಿಲ್ಲದ ಊರಿನ ಹೆಸರು ಜಗತ್ತಿನ ಸೀಸೆಗಳ ಮೇಲೆ ನಿಂತಿದೆ.

ಈಗ ನಮ್ಮ ಕಡೆಗೆ ಬರೋಣ. ಭೂಪಟ ತೆಗೆದು ಚೆನ್ನೈನ ಅಣ್ಣಾ ನಗರ್ ಮೇಲೆ ಬೆರಳಿಟ್ಟು ನೇರ ಪಡುವಣಕ್ಕೆ ಸರಿಸಿದರೆ, ಬೆರಳು ನಂದಿಬೆಟ್ಟದ ತುಸು ಕೆಳಗೆ ಹಾದುಹೋಗುತ್ತದೆ. ಎರಡೂ 13 ಡಿಗ್ರಿ ಅಕ್ಷಾಂಶದ ಆಸುಪಾಸಿನವು. ಸೂರ್ಯ ಎರಡೂ ಕಡೆ ಒಂದೇ ಓರೆಯಲ್ಲಿ ಸುಡುತ್ತಾನೆ, ಹಗಲಿನ ಉದ್ದವೂ ಒಂದೇ. ಆದರೂ ಅಣ್ಣಾ ನಗರದ ಮಹಡಿಯ ಮೇಲೆ ಕ್ಯಾಬರ್ನೆ ಬಳ್ಳಿ ನೆಟ್ಟರೆ ಎಲೆ ಬರಬಹುದೇ ಹೊರತು ವೈನ್‌ಗೆ ಒದಗುವ ಹಣ್ಣು ಬರುವುದಿಲ್ಲ. ಕಾರಣ ಎತ್ತರ. ಅಣ್ಣಾ ನಗರ್ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿದೆ. ರಘುನಾಥಪುರದ ತೋಟಗಳು 900 ಮೀಟರ್ ಮೇಲಿವೆ, ಅವುಗಳ ಬೆನ್ನಿಗೆ 1,478 ಮೀಟರ್ ಎತ್ತರದ ನಂದಿಬೆಟ್ಟ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಎಂಬುದು ಹವಾಮಾನದ ಸಾಮಾನ್ಯ ಲೆಕ್ಕ.

ಈ ಆರು ಡಿಗ್ರಿಯ ಬೆಲೆ ಹಗಲಿಗಿಂತ ರಾತ್ರಿ ಹೆಚ್ಚು. ದ್ರಾಕ್ಷಿ ಹಗಲಲ್ಲಿ ಬಿಸಿಲುಂಡು ಸಕ್ಕರೆ ಕೂಡಿಸುತ್ತದೆ. ರಾತ್ರಿ ಅದು ಉಸಿರಾಡುವಾಗ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಖರ್ಚು ಮಾಡುತ್ತದೆ, ಮತ್ತು ಬೇಗೆ ಹೆಚ್ಚಿದ್ದಷ್ಟೂ ಈ ಖರ್ಚು ಹೆಚ್ಚು. ಕಡಲತೀರದ ಸೆಕೆಯ ರಾತ್ರಿಗಳಲ್ಲಿ ಹುಳಿ ಪೂರ್ತಿ ಕರಗಿ ಹಣ್ಣು ಸಪ್ಪೆ ಸಿಹಿಯಾಗುತ್ತದೆ. ಸಿಪ್ಪೆಯ ಬಣ್ಣವೂ ಗಟ್ಟಿಯಾಗುವುದಿಲ್ಲ. ನಂದಿ ತಪ್ಪಲಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಕಂಬಳಿ ಬೇಡುತ್ತದೆ. ಅದೇ ತಂಪು ಹಣ್ಣಿನ ಹುಳಿಯನ್ನೂ ಕೆಂಪನ್ನೂ ಉಳಿಸುತ್ತದೆ. ಸಿಹಿ, ಹುಳಿ, ಒಗರು ಮೂರೂ ಇದ್ದರೆ ವೈನ್. ಸಿಹಿಯೊಂದೇ ಇದ್ದರೆ ಅದು ಪಾನಕಕ್ಕೆ ಸಾಕಾದೀತು.

ವರ್ಷಕ್ಕೆ ಬೀಳುವ ಮಳೆಯ ಲೆಕ್ಕದಲ್ಲಿ ಬೂಝಿಗೂ ನಂದಿಯ ತಪ್ಪಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಕಡೆ 700 ಮಿಲಿಮೀಟರ್‌ನ ಆಸುಪಾಸು. ಚೆನ್ನೈಗೆ ಬೀಳುವುದು ಅದರ ದುಪ್ಪಟ್ಟು. ವ್ಯತ್ಯಾಸ ಇರುವುದು ಕಾಲದಲ್ಲಿ. ಬೂಝಿಯಲ್ಲಿ ಮಳೆ ವರ್ಷವಿಡೀ ಹಂಚಿ ಬೀಳುತ್ತದೆ. ನಂದಿಯ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಆಮೇಲೆ ತಿಂಗಳುಗಟ್ಟಲೆ ಆಕಾಶ ಬರಿದು. ನೆಲವಂತೂ ಪೂರಾ ಬೇರೆ. ಬೂಝಿಯ ಬಿಳಿಗಲ್ಲಿಗೆ ಎಂಟು ಕೋಟಿ ವರ್ಷದ ಆಸುಪಾಸಿನ ವಯಸ್ಸಾದರೆ, ಇಲ್ಲಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳಿಗೆ 250 ಕೋಟಿ ವರ್ಷ ಮೀರಿದೆ. ಈ ಹಳೆಯ ಬಂಡೆ ಸವೆದು ಆದದ್ದು ಕಬ್ಬಿಣದ ಅಂಶವಿರುವ ಕೆಂಪು ಮಣ್ಣು, ನಡುನಡುವೆ ಗರಸು. ನೀರು ನಿಲ್ಲುವುದಿಲ್ಲ, ಸಾರ ಹೆಚ್ಚಿಲ್ಲ. ಅನ್ನದ ಬೆಳೆಗೆ ಇದು ಕೊರತೆ. ವೈನ್ ದ್ರಾಕ್ಷಿಗೆ ಇದೇ ಒಳಿತು: ಸೊಂಪಾದ ನೆಲದಲ್ಲಿ ಬಳ್ಳಿ ಎಲೆ ಬೆಳೆಸುತ್ತ ಹೋಗುತ್ತದೆ, ಬಡ ನೆಲದಲ್ಲಿ ಚಿಕ್ಕ ಕಾಯಿ ಕಟ್ಟಿ ಅದರಲ್ಲೇ ತನ್ನ ಶಕ್ತಿಯನ್ನೆಲ್ಲ ಇಡುತ್ತದೆ. ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು, ಕೆಂಪು ಗಾಢ.

ಗ್ರೋವರ್ ಮತ್ತು ವೆಸೆಲ್ ಸುಮಾರು 35 ಫ್ರೆಂಚ್ ತಳಿಗಳನ್ನು ತಂದು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಉಳಿದದ್ದು ಕೆಲವು. ಬೂಝಿಯ ಹೆಮ್ಮೆಯ ಪಿನೋ ನ್ವಾರ್ ಇಲ್ಲಿನ ಮುಖ್ಯ ತಳಿಯಾಗಲಿಲ್ಲ. ಅದಕ್ಕೆ ಬೇಕಾದ ಚಳಿ ಇಲ್ಲಿಲ್ಲ. ಬಿಸಿಲು ತಾಳುವ ದಪ್ಪ ಸಿಪ್ಪೆಯ ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಝ್ ನೆಲೆ ಕಂಡವು. ತನ್ನೂರಿನ ತಳಿಯನ್ನೇ ಹೊತ್ತು ತಂದು ಹಠ ಹಿಡಿಯದೆ, ಈ ನೆಲ ಏನು ಕೇಳುತ್ತದೆ ಎಂದು ಕಾದು ನೋಡಿದ್ದು ವೆಸೆಲ್ ಅವರ ದೊಡ್ಡತನ. ತೆರ್ವಾರ್ ಎಂದು ಬಾಯಲ್ಲಿ ಹೇಳುವ ಹಲವರಿಗೆ ಈ ತಾಳ್ಮೆ ಇರುವುದಿಲ್ಲ. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಸ್ಥಾಪನೆಯಾಯಿತು, 1992ರಲ್ಲಿ ಮೊದಲ ವೈನ್ ಹೊರಬಂತು. 1990ರ ದಶಕದ ನಡುಭಾಗದಲ್ಲಿ ಇನ್ನೊಬ್ಬ ಫ್ರೆಂಚ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಅವರ ಮನೆತನದ ಊರು ಬೋರ್ಡೋ ಸೀಮೆಯ ಪೊಮೆರೋಲ್. ಅದು ಕೆಂಪು ವೈನ್ ಒಂದರಿಂದಲೇ ಹೆಸರಾದ ಹಳ್ಳಿ. ಗ್ರೋವರ್ ಸಂಸ್ಥೆ ಕ್ಯಾಬರ್ನೆ, ಶಿರಾಝ್ ಬೆರೆಸಿ ಮಾಡುವ ‘ಲಾ ರಿಸರ್ವ್’ ದೇಶದ ಹೊರಗೂ ಗುರುತಾಯಿತು. ಅದೇ ದಶಕದಲ್ಲಿ ವವ್ ಕ್ಲಿಕೋ ಈ ಸಂಸ್ಥೆಯಲ್ಲಿ ಪಾಲು ತೆಗೆದುಕೊಂಡಿತು. ಬೂಝಿಯ ಕೆಂಪಿನಿಂದ 1818ರಲ್ಲಿ ಗುಲಾಬಿ ಷಾಂಪೇನ್ ಮಾಡಿದ ಮನೆಯ ಹಣ, ಬೂಝಿಯ ಮೇಯರ್ ಆರಿಸಿದ ನಂದಿಯ ನೆಲಕ್ಕೆ ಬಂದು ಸೇರಿತು.

ಆದರೆ ಇಲ್ಲಿನ ತೋಟಗಾರಿಕೆಯನ್ನು ಪೂರ್ತಿ ಫ್ರೆಂಚರಿಂದ ಬಂದದ್ದೆಂದುಕೊಂಡರೆ ತಪ್ಪಾಗುತ್ತದೆ. ಫ್ರಾನ್ಸ್‌ನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಏಪ್ರಿಲ್‌ನಲ್ಲಿ ಚಿಗುರಿ ಸೆಪ್ಟೆಂಬರ್‌ನಲ್ಲಿ ಹಣ್ಣು ಕೊಡುತ್ತದೆ. 13 ಡಿಗ್ರಿಯಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ; ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೆ ಋತುವನ್ನು ಮನುಷ್ಯನೇ ಕತ್ತರಿಯಿಂದ ಬರೆಯಬೇಕು. ವಿಜಯಪುರದ ಬೆಳೆಗಾರರು ಇದನ್ನು ‘ಚಾಟನಿ’ ಎನ್ನುತ್ತಾರೆ, ವರ್ಷಕ್ಕೆ ಎರಡು ಸಲ. ಏಪ್ರಿಲ್ ಚಾಟನಿಯಲ್ಲಿ ಹಳೆಯ ಕಡ್ಡಿಗಳನ್ನು ಬುಡದ ಹತ್ತಿರಕ್ಕೆ ಸವರುತ್ತಾರೆ. ಆಗ ಬರುವ ಹೊಸ ಕಡ್ಡಿಗಳೊಳಗೆ ಮುಂದಿನ ಗೊಂಚಲಿನ ಮೊಗ್ಗು ಕಟ್ಟುತ್ತದೆ. ಮಳೆ ಹಿಂದೆಗೆಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಕಡ್ಡಿಯ ತುದಿ ಸವರಿ ಹಣ್ಣಿಗೆ ಬಿಡುತ್ತಾರೆ. ಹೀಗೆ ಹಣ್ಣು ಮಾಗುವ ಕಾಲ ಒಣ ಚಳಿಗಾಲಕ್ಕೆ ಬೀಳುತ್ತದೆ, ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ. ಒಂದು ವಾರ ಹಿಂದುಮುಂದಾದರೂ ಫಲ ಬೇರೆ. ಯಾವ ದಿನ ಸವರಬೇಕು, ಎಷ್ಟು ಕಣ್ಣು ಬಿಟ್ಟು ಸವರಬೇಕು ಎಂಬ ತೀರ್ಮಾನ ಈ ಕಡೆಯ ರೈತರೂ ಕೂಲಿಯವರೂ ವರ್ಷಗಳ ಅನುಭವದಿಂದ ಗಳಿಸಿದ ವಿದ್ಯೆ. ನಂದಿಯ ವೈನ್‌ಗೆ ಏನಾದರೂ ಊರಿನ ಗುಣವಿದ್ದರೆ ಅದರ ಅರ್ಧ ಪಾಲು ಈ ಕೈಗಳದು.

ಬೇರಿನ ಕಥೆ ಇನ್ನೂ ದೂರದ್ದು. 19ನೇ ಶತಮಾನದ ಎರಡನೇ ಭಾಗದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸ್‌ನ ದ್ರಾಕ್ಷಿ ಬೇರುಗಳನ್ನು ತಿಂದು ತೋಟಗಳನ್ನು ನೆಲಕಚ್ಚಿಸಿತು. ಪರಿಹಾರವೂ ಅಮೆರಿಕದಿಂದಲೇ ಬಂತು: ಆ ಕೀಟವನ್ನು ತಾಳುವ ಅಮೆರಿಕನ್ ಬಳ್ಳಿಯ ಬೇರಿಗೆ ಫ್ರೆಂಚ್ ತಳಿಯ ಕಸಿ. ಕರ್ನಾಟಕದ ದ್ರಾಕ್ಷಿ ಬೆಳೆಗಾರರು ಕಸಿ ಕಟ್ಟಲು ಹೆಚ್ಚಾಗಿ ಬಳಸುವ ಬೇರುಸಸಿ ಡಾಗ್‌ರಿಡ್ಜ್, ಮೂಲ ಟೆಕ್ಸಸ್‌ನದು. ಬರವನ್ನೂ ಉಪ್ಪುನೀರನ್ನೂ ತಾಳುವ ಗುಣ ಅದಕ್ಕಿದೆ. ಈ ಎರಡೂ ಗುಣ ಇಲ್ಲಿ ಬೇಕೇ ಬೇಕು. ನಂದಿಯ ಸುತ್ತಲ ಬೆಟ್ಟಗಳಲ್ಲಿ ಅರ್ಕಾವತಿ, ಪಿನಾಕಿನಿ, ಪಾಲಾರ್ ಹುಟ್ಟುತ್ತವೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ; ಪಾಲಾರ್ ಚೆನ್ನೈನ ದಕ್ಷಿಣಕ್ಕೆ ಹೋಗಿ ಕಡಲು ಸೇರುತ್ತದೆ. ಆದರೆ ಹುಟ್ಟಿದ ನಾಡಿನಲ್ಲಿ ಈ ನದಿಗಳಲ್ಲಿ ವರ್ಷದ ಬಹುಪಾಲು ನೀರಿಲ್ಲ. ಬೂಝಿಯ ಬಿಳಿಗಲ್ಲು ಮಾಡುವ ಕೆಲಸವನ್ನು ಇಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿ ಮತ್ತು ಹನಿ ನೀರಾವರಿಯ ಕೊಳವೆ ಮಾಡಬೇಕಾಗಿದೆ. ಈ ಸೀಮೆಯ ದ್ರಾಕ್ಷಿಯ ಭವಿಷ್ಯದ ಬಗ್ಗೆ ಯಾರೇ ಮಾತಾಡಲಿ, ಮೊದಲು ಕೇಳಬೇಕಾದ್ದು ಅಂತರ್ಜಲ ಎಷ್ಟು ಆಳಕ್ಕೆ ಇಳಿದಿದೆ ಎಂದು.

ಚಳಿಗಾಲದ ಆಕಾಶವೂ ಯಾವಾಗಲೂ ಮಾತು ಉಳಿಸಿಕೊಳ್ಳುವುದಿಲ್ಲ. ಚೆನ್ನೈನವರಿಗೆ ಈಶಾನ್ಯ ಮಾರುತ ಎಂದರೆ ಕೆರೆ ತುಂಬುವ ಕಾಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಅಣ್ಣಾ ನಗರದ ರಸ್ತೆಗಳಲ್ಲಿ ನೀರು ನಿಲ್ಲುವ ನವೆಂಬರ್ ದಿನಗಳಲ್ಲೇ ಅದೇ ಮೋಡದ ಅಂಚು ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ಬಂದು ಕೂರುತ್ತದೆ. ಹಣ್ಣಿಗೆ ಬಿಟ್ಟ ಬಳ್ಳಿಯಲ್ಲಿ ಎಳೆ ಚಿಗುರು, ಹೂಗೊಂಚಲು ಇರುವ ಹೊತ್ತದು. ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಎಲೆಯ ಅಡಿಯಲ್ಲಿ ಬಿಳಿ ಬೂಜು ಕಾಣಿಸಿಕೊಳ್ಳುತ್ತದೆ. 2021ರ ನವೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲೂ ಅಕಾಲದ ಮಳೆ ಬೆಳೆಗಳನ್ನು ಕೆಡಿಸಿತು.

ಈ ಬೂಜುರೋಗದ ಮದ್ದು ಹುಟ್ಟಿದ್ದೂ ಕೆಂಪು ವೈನ್‌ನ ಒಂದು ಹಳ್ಳಿಯಲ್ಲಿ. 1882ರಲ್ಲಿ ಸಸ್ಯವಿಜ್ಞಾನಿ ಪಿಯರ್ ಮಿಲಾರ್ಡೆ ಬೋರ್ಡೋ ಸೀಮೆಯ ಸೇಂಟ್ ಜೂಲಿಯನ್ ಎಂಬಲ್ಲಿ ದಾರಿಬದಿಯ ಬಳ್ಳಿಗಳಿಗೆ ಮಾತ್ರ ರೋಗ ತಗಲದಿರುವುದನ್ನು ಕಂಡರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲೆಂದು ತೋಟದವರು ಮೈಲುತುತ್ತ ಮತ್ತು ಸುಣ್ಣ ಕದಡಿ ಬಳಿದಿದ್ದರು. ಅದನ್ನೇ ಪರೀಕ್ಷಿಸಿ 1885ರಲ್ಲಿ ಮಿಲಾರ್ಡೆ ಜಗತ್ತಿಗೆ ಕೊಟ್ಟದ್ದು ಬೋರ್ಡೋ ದ್ರಾವಣ. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದರು. ಇಂದಿಗೂ ಮಳೆಗಾಲ ಹತ್ತಿರವಾದರೆ ತೀರ್ಥಹಳ್ಳಿಯಲ್ಲೂ ಪುತ್ತೂರಿನಲ್ಲೂ ಕಾಸರಗೋಡಿನಲ್ಲೂ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಬಾಯಿಪಾಠ. ವೈನನ್ನು ಕಣ್ಣಲ್ಲೂ ನೋಡದ ಸಾವಿರಾರು ಕನ್ನಡ ಮನೆಗಳ ಬದುಕನ್ನು ಫ್ರಾನ್ಸ್‌ನ ದ್ರಾಕ್ಷಿತೋಟವೊಂದು ಹೀಗೆ ಕಾಯುತ್ತಿದೆ.

ಫ್ರೆಂಚ್ ತಳಿ ಬರುವ ಎಷ್ಟೋ ಮೊದಲೇ ನಂದಿ ತಪ್ಪಲಿನಲ್ಲಿ ದ್ರಾಕ್ಷಿ ಚಪ್ಪರಗಳಿದ್ದವು. ಬ್ಯಾಂಗಲೋರ್ ಬ್ಲೂ ಎಂಬ ಆ ಕಪ್ಪು ದ್ರಾಕ್ಷಿಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. ದಪ್ಪ ಸಿಪ್ಪೆ, ಒಳಗೆ ಜಾರುವ ತಿರುಳು, ಬೀಜ, ಮೂಗಿಗೆ ಬಡಿಯುವ ಗಾಢ ಪರಿಮಳ. ವರ್ಷಕ್ಕೆ ಎರಡು ಬೆಳೆ. ಅಮೆರಿಕದ ಕಾಡುದ್ರಾಕ್ಷಿಯ ರಕ್ತವೂ ಇರುವ ಈ ಮಿಶ್ರ ತಳಿ ಇಸಬೆಲ್ಲಾ ಎಂಬ ದ್ರಾಕ್ಷಿಯ ಬಂಧು. ಅದೇ ಇಸಬೆಲ್ಲಾವನ್ನು ಫ್ರಾನ್ಸ್ 1930ರ ದಶಕದಲ್ಲಿ ಕಾನೂನು ಮಾಡಿ ತೋಟಗಳಿಂದ ಹೊರಹಾಕಿತು; ಅದರ ವಾಸನೆ ವೈನ್‌ಗೆ ಸಲ್ಲದೆಂಬುದೂ ಒಂದು ಕಾರಣ. ಅಲ್ಲಿ ಹೊರಬಿದ್ದ ಕುಲ ಇಲ್ಲಿ ಮನೆಮಗನಾಗಿದೆ. ಜ್ಯೂಸ್‌ಗೆ, ಅಗ್ಗದ ಸಿಹಿ ವೈನ್‌ಗೆ, ಮಕ್ಕಳ ಕೈಯ ಗೊಂಚಲಿಗೆ ಅದೇ ಬೇಕು. ವೈನ್ ಬಲ್ಲವರು ಈ ಹಣ್ಣಿಗೆ ಮೂಗು ಮುರಿಯುವುದುಂಟು. ಆದರೆ ಒಂದು ಸೀಮೆಯ ಮಣ್ಣಿಗೆ, ಚಪ್ಪರಕ್ಕೆ, ಮಾರುಕಟ್ಟೆಗೆ ಇಷ್ಟು ಒಗ್ಗಿಹೋದ ಬೆಳೆಯನ್ನು ಆ ನೆಲದ ಗುಣವೆನ್ನದೆ ಮತ್ತೇನೆನ್ನುವುದು? 2013ರಲ್ಲಿ ಬ್ಯಾಂಗಲೋರ್ ಬ್ಲೂ ದ್ರಾಕ್ಷಿಗೆ, ಊರಿನ ಹೆಸರನ್ನು ಕಾನೂನಿನಿಂದ ಕಾಯುವ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು.

ತಮಿಳುನಾಡಿನಲ್ಲೂ ಇಂಥದೊಂದು ಹಣ್ಣಿದೆ. ಚೆನ್ನೈನ ಹಣ್ಣಿನಂಗಡಿಗಳಲ್ಲಿ ‘ಪನ್ನೀರ್ ದ್ರಾಕ್ಷೈ’ ಎಂದು ಕೂಗಿ ಮಾರುವ ಕಪ್ಪು ದ್ರಾಕ್ಷಿ ಥೇಣಿ ಜಿಲ್ಲೆಯ ಕಂಬಂ ಕಣಿವೆಯದು, ಪಶ್ಚಿಮ ಘಟ್ಟದ ಬುಡದ್ದು. ಅಲ್ಲಿ ವರ್ಷವಿಡೀ ಕೊಯ್ಲು. ತಳಿ ಮಸ್ಕಟ್ ಹ್ಯಾಂಬರ್ಗ್. ಫ್ರೆಂಚ್ ಪಾದ್ರಿಯೊಬ್ಬರು ದ್ರಾಕ್ಷಿಯನ್ನು ಈ ಕಣಿವೆಗೆ ತಂದರೆಂಬ ನಂಬಿಕೆ ಅಲ್ಲಿನವರದು. ಕನ್ನಡ ಮನೆಮಾತಿನ ಒಕ್ಕಲಿಗ ಕಾಪ್ಪಿಲಿಯರ್ ಎಂಬ ಕೃಷಿಕ ಸಮುದಾಯ ತಲೆಮಾರುಗಳಿಂದ ನೆಲೆಸಿರುವ ಸೀಮೆಯೂ ಇದೇ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಅಣ್ಣಾ ನಗರಕ್ಕೆ ತಾಗಿಕೊಂಡಿರುವ ಕೋಯಂಬೇಡು ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ ನಿಂತರೆ ಗೊತ್ತಾಗುತ್ತದೆ: ಗಿರಾಕಿ ಹಣ್ಣನ್ನು ಊರಿನ ಹೆಸರಿನಿಂದ ಗುರುತಿಸಿ ಕೇಳುವುದು ನಮಗೆ ಫ್ರೆಂಚರು ಕಲಿಸಿದ್ದಲ್ಲ.

ಹಾಗಿದ್ದೂ ನಂದಿ ತಪ್ಪಲಿನ ವೈನ್‌ಗೆ ಹಳ್ಳಿಯ ಹೆಸರು ಇನ್ನೂ ಬಂದಿಲ್ಲ. ಸೀಸೆಯ ಮೇಲೆ ಕಂಪನಿಯ ಹೆಸರು ದೊಡ್ಡದು, ತಳಿಯ ಹೆಸರು ಅದರ ಕೆಳಗೆ, ಆಮೇಲೆ ನಂದಿ ಹಿಲ್ಸ್. ರಘುನಾಥಪುರ ಇರುವುದು ವಿಳಾಸದ ಸಣ್ಣ ಅಕ್ಷರದಲ್ಲಿ. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿ, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂದು ಸೀಮೆಗಳನ್ನು ಗುರುತಿಸಿತು. ಕೃಷ್ಣಾ ಕಣಿವೆಯ ವಿಜಯಪುರದಲ್ಲಿ ನೆಲವೇ ಬೇರೆ, ಕಪ್ಪು ಮಣ್ಣು, ಒಣ ಬಿಸಿಲು. ಅಲ್ಲಿನ ಬೆಳೆಗಾರ ಹೆಚ್ಚಾಗಿ ನಂಬಿರುವುದು ಥಾಮ್ಸನ್ ಸೀಡ್‌ಲೆಸ್ ತಳಿಯನ್ನು ಮತ್ತು ಒಣದ್ರಾಕ್ಷಿಯನ್ನು. ನೆರೆಯ ಮಹಾರಾಷ್ಟ್ರದಲ್ಲಿ ನಾಶಿಕ್ ಕಣಿವೆಯ ವೈನ್ ತನ್ನ ಹೆಸರನ್ನು ಭೌಗೋಳಿಕ ಸೂಚಿಯಾಗಿ ನೋಂದಾಯಿಸಿಕೊಂಡಿದೆ. 2012ರಲ್ಲಿ ಗ್ರೋವರ್ ಸಂಸ್ಥೆಯೂ ನಾಶಿಕ್‌ನ ಝಂಪಾ ವೈನ್ ತಯಾರಿಸುವ ಸಂಸ್ಥೆಯ ಜೊತೆ ಕೂಡಿ ಗ್ರೋವರ್ ಝಂಪಾ ಆಯಿತು.

ನಂದಿಯ ವಿಷಯದಲ್ಲಿ ಅವಸರ ಪಡಲು ಕಾರಣವಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೊಡ್ಡಬಳ್ಳಾಪುರದ ದಾರಿಯುದ್ದಕ್ಕೂ ಜಮೀನಿನ ಬೆಲೆ ಬೆಳೆಯ ಆದಾಯದ ಜೊತೆಗಿನ ನಂಟನ್ನೇ ಕಳೆದುಕೊಂಡಿತು. ದ್ರಾಕ್ಷಿ ಚಪ್ಪರ ಕಿತ್ತು ಬಡಾವಣೆಯ ಕಲ್ಲು ನೆಟ್ಟ ಹೊಲಗಳು ಈಗ ಹೊಸ ನೋಟವೇನಲ್ಲ. ಬೂಝಿಯಲ್ಲೂ ಭೂಮಿ ದುಬಾರಿ. ಷಾಂಪೇನ್‌ನಲ್ಲಿ ಒಂದು ಹೆಕ್ಟೇರ್ ತೋಟಕ್ಕೆ ಹತ್ತು ಲಕ್ಷ ಯೂರೋ ದಾಟಿದ ಬೆಲೆಯಿದೆ. ಆದರೆ ಆ ಬೆಲೆ ಬಂದದ್ದು ತೋಟ ತೋಟವಾಗಿ ಉಳಿದಿರುವುದರಿಂದ. ಅಲ್ಲಿ ನೆಲದ ಬೆಲೆಯನ್ನು ಏರಿಸಿದ್ದು ಊರಿನ ಹೆಸರು. ಇಲ್ಲಿ ಏರಿಸುತ್ತಿರುವುದು ಊರು ಇಲ್ಲವಾಗುವ ಸಾಧ್ಯತೆ. ಈ ವ್ಯತ್ಯಾಸ ನೋಯಿಸುವಂಥದ್ದು.

ಬಿಸಿಯೇರುತ್ತಿರುವ ಭೂಮಿ ಎರಡೂ ಊರುಗಳ ಲೆಕ್ಕವನ್ನು ಬದಲಿಸುತ್ತಿದೆ. ಷಾಂಪೇನ್‌ನಲ್ಲಿ ಸೆಪ್ಟೆಂಬರ್ ಕೊನೆಗೆ ಆಗುತ್ತಿದ್ದ ಕೊಯ್ಲು 2003ರಲ್ಲಿ ಆಗಸ್ಟ್‌ನಲ್ಲೇ ಶುರುವಾಗಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆಮೇಲೆ 2018, 2020, 2022ರಲ್ಲೂ ಆಗಸ್ಟ್ ಕೊಯ್ಲೇ. ಪಿನೋ ನ್ವಾರ್ ಸಿಪ್ಪೆ ಮಾಗುವ ವರ್ಷಗಳು ಹೆಚ್ಚಾಗಿರುವುದರಿಂದ ಬೂಝಿ ರೂಝ್‌ಗೆ ಸದ್ಯಕ್ಕೆ ಇದು ಅನುಕೂಲವಾಗಿದೆ. ನೊರೆಯ ವೈನ್‌ಗೆ ಬೇಕಾದ ಹುಳಿ ಕಡಿಮೆಯಾದೀತೆಂಬ ಚಿಂತೆಯೂ ಜೊತೆಗಿದೆ. ನಂದಿಯ ತಪ್ಪಲಿನಲ್ಲಿ ಕಾಪಾಡಬೇಕಾದ್ದು ಚಳಿಗಾಲದ ಆ ತಂಪು ರಾತ್ರಿಗಳನ್ನು. ಅಣ್ಣಾ ನಗರಕ್ಕೂ ಈ ತೋಟಗಳಿಗೂ ಇರುವ ಅಂತರ ಆರೇ ಡಿಗ್ರಿ. ಅದರಲ್ಲಿ ಒಂದೆರಡು ಕಳೆದರೂ ಈಗಿನ ತಳಿ, ಈಗಿನ ಚಾಟನಿಯ ದಿನ, ಎರಡನ್ನೂ ಮತ್ತೆ ಯೋಚಿಸಬೇಕಾಗುತ್ತದೆ.

ದೇಶದ ಎಲ್ಲ ಭೌಗೋಳಿಕ ಸೂಚಿಗಳನ್ನು ನೋಂದಾಯಿಸುವ ಕಚೇರಿ ಇರುವುದು ಚೆನ್ನೈನ ಗಿಂಡಿಯಲ್ಲಿ. ಈ ಸೂಚಿಗಳಿಗೆಂದು ಮಾಡಿದ 1999ರ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಾಗಿನಿಂದ ಡಾರ್ಜಿಲಿಂಗ್ ಚಹಾ ಮೊದಲಾಗಿ ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಬ್ಯಾಂಗಲೋರ್ ಬ್ಲೂ, ಕಂಬಂ ಪನ್ನೀರ್ ಎಲ್ಲವೂ ಅಲ್ಲಿನ ದಾಖಲೆ ಸೇರಿವೆ. ಬೂಝಿಯನ್ನು ಒಳಗೊಂಡ ಷಾಂಪೇನ್ ಎಂಬ ಹೆಸರಿಗೂ ಅದೇ ದಾಖಲೆಯಲ್ಲಿ ರಕ್ಷಣೆಯಿದೆ. ನಂದಿ ತಪ್ಪಲಿನ ಬೆಳೆಗಾರರು ಮತ್ತು ವೈನ್ ಮಾಡುವವರು ಒಟ್ಟಾಗಿ ಅರ್ಜಿ ಹಾಕುವುದಾದರೆ ಸೀಮೆಯ ನಕ್ಷೆ ಬರೆಯಬೇಕು, ಮಣ್ಣು ಹವೆಗಳಿಂದ ಹಣ್ಣಿಗೆ ಬಂದ ಗುಣವನ್ನು ಸಾಕ್ಷಿಸಹಿತ ತೋರಿಸಬೇಕು, ಬೆಳೆಯುವ ಮತ್ತು ತಯಾರಿಸುವ ವಿಧಾನವನ್ನು ವಿವರಿಸಬೇಕು, ಗುಣಮಟ್ಟ ನೋಡಿಕೊಳ್ಳುವ ಸಮಿತಿಯೊಂದನ್ನು ಹೆಸರಿಸಬೇಕು. 1980ರ ದಶಕದಿಂದ ಇಂದಿನವರೆಗಿನ ನೆಡುವಿಕೆ, ಚಾಟನಿ, ಕೊಯ್ಲುಗಳ ಅನುಭವ ಈ ಸೀಮೆಯ ರೈತರ ಬಳಿಯೂ ವೈನರಿಗಳ ಬಳಿಯೂ ಇದೆ. ಅದನ್ನು ಹಳ್ಳಿ ಹಳ್ಳಿಯಾಗಿ ಕಲೆಹಾಕುವ ಕೆಲಸವನ್ನು ವೈನ್ ಮಂಡಳಿ, ತೋಟಗಾರಿಕೆ ಇಲಾಖೆ ಮತ್ತು ಬೆಳೆಗಾರರ ಸಂಘಗಳು ಕೂಡಿ ಕೈಗೆತ್ತಿಕೊಳ್ಳಲು ಮುಂದಿನ ಅಕ್ಟೋಬರ್ ಚಾಟನಿಯವರೆಗೂ ಕಾಯಬೇಕಿಲ್ಲ.